ಯಾಪ್ ಸ್ಟಾಮ್: ಕೈಬಿಟ್ಟ ಮೇಲೆ ಬೆಲೆ ತಿಳಿದ ಕಾವಲುಗಾರ

ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗುತ್ತದೆ. ಗೋಲು ಆಗದಂತೆ ತಡೆದವನ ಹೆಸರು ಬಹುತೇಕ ಸಂದರ್ಭಗಳಲ್ಲಿ ವರದಿಯ ಕೊನೆಯ ಸಾಲಿಗೂ ಬರುವುದಿಲ್ಲ. ಫುಟ್‌ಬಾಲ್‌ನಲ್ಲಿ ರಕ್ಷಣಾ ಆಟಗಾರನ ಪಾಡು ಮೊದಲಿನಿಂದಲೂ ಹೀಗೆಯೇ. ಅವನು ತಪ್ಪಿದಾಗ ಎಲ್ಲರ ಕಣ್ಣಿಗೂ ಬೀಳುತ್ತಾನೆ; ತಪ್ಪದೆ ಆಡಿದಾಗ ಯಾರಿಗೂ ಕಾಣಿಸುವುದಿಲ್ಲ. ಅವನ ನಿಜವಾದ ಬೆಲೆ ತಂಡಕ್ಕೆ ಅರಿವಾಗುವುದು ಅವನು ಅಲ್ಲಿಂದ ಹೊರಟುಹೋದ ಮೇಲೆ.

ಹಾಲೆಂಡ್‌ನ ಯಾಪ್ ಸ್ಟಾಮ್ ಅವರ ವೃತ್ತಿಜೀವನ ಈ ಮಾತಿಗೆ ಒಳ್ಳೆಯ ನಿದರ್ಶನ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡದಲ್ಲಿ ಅವರು ಆಡಿದ್ದು ಮೂರು ಪೂರ್ಣ ಋತುಗಳು ಮಾತ್ರ. ಆ ಮೂರೂ ವರ್ಷ ತಂಡ ಲೀಗ್ ಪ್ರಶಸ್ತಿ ಗೆದ್ದಿತು. ನಾಲ್ಕನೇ ಋತುವಿನ ಮೊದಲ ಪಂದ್ಯವಾಡಿದ ಕೆಲವೇ ದಿನಗಳಲ್ಲಿ ಅವರನ್ನು ಇಟಲಿಯ ಕ್ಲಬ್ಬೊಂದಕ್ಕೆ ಮಾರಲಾಯಿತು. ಮಾರಿದವರು ತಮ್ಮ ಕಾಲದ ಅತ್ಯಂತ ಯಶಸ್ವಿ ಮ್ಯಾನೇಜರ್ ಎನಿಸಿದ ಸರ್ ಅಲೆಕ್ಸ್ ಫರ್ಗ್ಯುಸನ್. ಆಟದ ದೃಷ್ಟಿಯಿಂದ ಅದು ತಮ್ಮ ತಪ್ಪು ನಿರ್ಧಾರವಾಗಿತ್ತೆಂದು ವರ್ಷಗಳ ನಂತರ ಒಪ್ಪಿಕೊಂಡವರೂ ಅವರೇ.

ಕಾಂಪೆನ್‌ನಿಂದ ಐಂಡ್‌ಹೋವನ್‌ವರೆಗೆ

ಸ್ಟಾಮ್ ಜನಿಸಿದ್ದು 1972ರ ಜುಲೈ 17ರಂದು, ಹಾಲೆಂಡ್‌ನ ಓವರೈಸೆಲ್ ಪ್ರಾಂತ್ಯದ ಕಾಂಪೆನ್‌ನಲ್ಲಿ. ಐಸೆಲ್ ನದಿಯ ದಡದಲ್ಲಿರುವ ಈ ಹಳೆಯ ವ್ಯಾಪಾರಿ ಪಟ್ಟಣ ಆಮ್‌ಸ್ಟರ್‌ಡ್ಯಾಂ, ರಾಟರ್‌ಡ್ಯಾಂಗಳ ಗದ್ದಲದಿಂದ ದೂರವಿದೆ. ಡಚ್ ಫುಟ್‌ಬಾಲಿನ ಪ್ರಸಿದ್ಧರಲ್ಲಿ ಹಲವರು ಬಾಲ್ಯದಲ್ಲೇ ಆಯಾಕ್ಸ್‌ನಂಥ ದೊಡ್ಡ ಕ್ಲಬ್‌ನ ತರಬೇತಿ ಶಾಲೆಗೆ ಸೇರಿ ಅಲ್ಲಿಯೇ ಬೆಳೆದವರು. ಸ್ಟಾಮ್ ಅವರಿಗೆ ಆ ಅವಕಾಶ ದೊರೆಯಲಿಲ್ಲ. ಊರಿನ ಹವ್ಯಾಸಿ ಕ್ಲಬ್ ಡಾಸ್ ಕಾಂಪೆನ್‌ನಲ್ಲಿ ಆಡುತ್ತಾ ಬೆಳೆದ ಅವರು ವೃತ್ತಿಪರ ಪಂದ್ಯಕ್ಕೆ ಇಳಿದಾಗ ಅವರಿಗೆ 20 ವರ್ಷ. ಅದು 1992ರಲ್ಲಿ, ನೆರೆಯ ನಗರದ ಎಫ್‌ಸಿ ಜ್ವೊಲ್ಲೆ ತಂಡದ ಪರವಾಗಿ. ಆ ತಂಡ ಆಗ ಆಡುತ್ತಿದ್ದುದು ದೇಶದ ಎರಡನೇ ದರ್ಜೆಯ ಲೀಗ್‌ನಲ್ಲಿ.

ಮರುವರ್ಷ ಉತ್ತರದ ಲೇವಾರ್ಡನ್ ನಗರದ ಕಾಂಬೂರ್ ತಂಡ ಅವರನ್ನು ಕರೆಸಿಕೊಂಡಿತು. ಮೊದಲ ದರ್ಜೆಯ ಲೀಗ್‌ನ ಪರಿಚಯವಾದದ್ದು ಅಲ್ಲಿ. ಆದರೆ ಆ ಋತುವಿನ ಕೊನೆಗೆ ಕಾಂಬೂರ್ ಕೆಳದರ್ಜೆಗೆ ಇಳಿಯಿತು. ಸ್ಟಾಮ್ ಮತ್ತೊಂದು ವರ್ಷ ಅಲ್ಲಿಯೇ ಇದ್ದು, 1995ರಲ್ಲಿ ಟಿಲ್‌ಬರ್ಗ್ ನಗರದ ವಿಲೆಮ್ ಕ್ಲಬ್ ಸೇರಿದರು. ಡಚ್ ದೊರೆ ಎರಡನೇ ವಿಲೆಮ್‌ನ ಹೆಸರು ಹೊತ್ತ ಈ ತಂಡದಲ್ಲಿ ಅವರು ಆಡಿದ್ದು ಅರ್ಧ ಋತು ಮಾತ್ರ. ಅಷ್ಟರಲ್ಲೇ ದೇಶದ ಮೂರು ದೊಡ್ಡ ಕ್ಲಬ್‌ಗಳಲ್ಲಿ ಒಂದಾದ ಪಿಎಸ್‌ವಿ ಐಂಡ್‌ಹೋವನ್‌ನ ಕಣ್ಣು ಅವರ ಮೇಲೆ ಬಿತ್ತು.

ಬಲ್ಬು ಹಾಗೂ ರೇಡಿಯೊಗಳಿಂದ ನಮ್ಮಲ್ಲೂ ಮನೆಮಾತಾದ ಫಿಲಿಪ್ಸ್ ಕಂಪೆನಿಯ ನೌಕರರಿಗಾಗಿ 1913ರಲ್ಲಿ ಹುಟ್ಟಿದ ಕ್ಲಬ್ ಪಿಎಸ್‌ವಿ. 1996ರ ಆರಂಭದಲ್ಲಿ ಸ್ಟಾಮ್ ಅಲ್ಲಿಗೆ ಬಂದರು. ಅದೇ ವರ್ಷ ತಂಡ ಡಚ್ ಕಪ್ ಗೆದ್ದಿತು. 1996-97ರಲ್ಲಿ ಡಿಕ್ ಅಡ್ವೊಕಾಟ್ ಅವರ ಮಾರ್ಗದರ್ಶನದಲ್ಲಿ ಲೀಗ್ ಪ್ರಶಸ್ತಿಯೂ ಬಂತು. 1997ರಲ್ಲಿ ಸ್ಟಾಮ್ ದೇಶದ ವರ್ಷದ ಆಟಗಾರರಾಗಿ ಆಯ್ಕೆಯಾದರು. ಎರಡನೇ ದರ್ಜೆಯ ಪಂದ್ಯಗಳಲ್ಲಿ ಬೆವರು ಹರಿಸುತ್ತಿದ್ದ ಯುವಕ ಐದೇ ವರ್ಷಗಳಲ್ಲಿ ಈ ಎತ್ತರ ತಲುಪಿದ್ದ.

ಪರಂಪರೆಗಿಂತ ಭಿನ್ನ

ಹಾಲೆಂಡ್‌ನಲ್ಲಿ ರಕ್ಷಣಾ ಆಟಗಾರನೆಂದರೆ ಚೆಂಡನ್ನು ಒದ್ದು ದೂರ ಕಳಿಸುವವನು ಎಂಬ ಅರ್ಥ ಎಂದೂ ಇರಲಿಲ್ಲ. 1970ರ ದಶಕದಲ್ಲಿ ರೈನಸ್ ಮಿಶೆಲ್ಸ್ ಹಾಗೂ ಯೋಹಾನ್ ಕ್ರೈಫ್ ಜಗತ್ತಿಗೆ ಪರಿಚಯಿಸಿದ 'ಟೋಟಲ್ ಫುಟ್‌ಬಾಲ್' ಪದ್ಧತಿಯಲ್ಲಿ ಎಲ್ಲರೂ ದಾಳಿ ಮಾಡಬೇಕು, ಎಲ್ಲರೂ ಕಾಯಬೇಕು. ಆ ತಂಡದ ರೂಡ್ ಕ್ರೋಲ್ ಹಿಂಬದಿಯಿಂದ ಚೆಂಡನ್ನು ಮುಂದಕ್ಕೆ ಒಯ್ಯುವುದರಲ್ಲಿ ನಿಸ್ಸೀಮರು. ಅವರ ನಂತರದ ಪೀಳಿಗೆಯ ರೊನಾಲ್ಡ್ ಕೋಮನ್ ರಕ್ಷಣಾ ಆಟಗಾರರಾಗಿದ್ದೂ ಮುನ್ಪಡೆಯವರು ಅಸೂಯೆಪಡುವಷ್ಟು ಗೋಲು ಗಳಿಸಿದವರು. 1992ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಬಾರ್ಸಿಲೋನಾಕ್ಕೆ ಜಯ ತಂದದ್ದು ಅವರ ಫ್ರೀಕಿಕ್. ಸ್ಟಾಮ್ ಅವರ ಜೊತೆಗಾರ ಫ್ರಾಂಕ್ ಡಿ ಬೋಯರ್ ಕೂಡ ನೀಳವಾದ ಪಾಸುಗಳಿಗೆ ಹೆಸರಾದವರು.

ಸ್ಟಾಮ್ ಈ ಸಾಲಿಗೆ ಸೇರುವವರಲ್ಲ. ಆರು ಅಡಿ ಮೂರು ಅಂಗುಲ ಎತ್ತರ, ಅಗಲವಾದ ಭುಜ, ನುಣ್ಣಗೆ ಬೋಳಿಸಿದ ತಲೆ. ಎದುರಾಳಿಯನ್ನು ಬೆದರಿಸಲು ಈ ರೂಪವೇ ಸಾಕಿತ್ತು. ಆದರೆ ಅವರ ನಿಜವಾದ ಶಕ್ತಿ ಇದ್ದುದು ವೇಗದಲ್ಲಿ. ಭಾರೀ ಮೈಕಟ್ಟಿನ ಆಟಗಾರರು ಸಾಮಾನ್ಯವಾಗಿ ಚುರುಕಾದ ಮುನ್ಪಡೆಯವರ ಮುಂದೆ ಸೋಲುತ್ತಾರೆ. ಸ್ಟಾಮ್ ಅವರೊಡನೆ ಓಡಿ, ಭುಜಕ್ಕೆ ಭುಜ ಕೊಟ್ಟು ಚೆಂಡನ್ನು ಕಸಿದುಕೊಳ್ಳುತ್ತಿದ್ದರು. ಹಿಂದೆ ಇಂಥ ಒಬ್ಬ ಆಟಗಾರನಿದ್ದರೆ ಉಳಿದ ತಂಡ ಧೈರ್ಯವಾಗಿ ಮುಂದಕ್ಕೆ ನುಗ್ಗಬಹುದು. ದಾಳಿಯನ್ನೇ ನೆಚ್ಚಿಕೊಂಡ ತಂಡಗಳಿಗೆ ಅವರು ಬೇಕಾದದ್ದು ಇದೇ ಕಾರಣಕ್ಕೆ.

ಒಂದು ಕೋಟಿ ಪೌಂಡ್‌ನ ಗೋಡೆ

1997-98ರ ಋತುವಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕೇವಲ ಒಂದು ಅಂಕದಿಂದ ಲೀಗ್ ಪ್ರಶಸ್ತಿಯನ್ನು ಆರ್ಸೆನಲ್‌ಗೆ ಬಿಟ್ಟುಕೊಟ್ಟಿತು. ತಂಡದ ರಕ್ಷಣೆಯನ್ನು ವರ್ಷಗಳ ಕಾಲ ಹೊತ್ತ ಜೋಡಿಯಲ್ಲಿ ಸ್ಟೀವ್ ಬ್ರೂಸ್ 1996ರಲ್ಲೇ ಹೊರಟಿದ್ದರು. ಗ್ಯಾರಿ ಪ್ಯಾಲಿಸ್ಟರ್ 1998ರಲ್ಲಿ ಹೊರಟರು. ಆ ಬೇಸಿಗೆಯಲ್ಲಿ ಫರ್ಗ್ಯುಸನ್ ಒಂದು ಕೋಟಿ ಪೌಂಡ್‌ಗೂ ಹೆಚ್ಚು ಹಣ ತೆತ್ತು ಸ್ಟಾಮ್ ಅವರನ್ನು ಕರೆತಂದರು. ಅಲ್ಲಿಯವರೆಗೆ ಯಾವ ರಕ್ಷಣಾ ಆಟಗಾರನಿಗೂ, ಯಾವ ಡಚ್ ಆಟಗಾರನಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಅದೇ ಬೇಸಿಗೆಯಲ್ಲಿ ಪಿಎಸ್‌ವಿ ತಂಡವೇ ಚದುರಿಹೋಯಿತು. ಫಿಲಿಪ್ ಕೊಕು ಮತ್ತು ಬೌಡೆವೈನ್ ಜೆಂಡನ್ ಬಾರ್ಸಿಲೋನಾಕ್ಕೆ ಹೋದರೆ, ಕೋಚ್ ಅಡ್ವೊಕಾಟ್ ಸ್ಕಾಟ್ಲೆಂಡಿನ ರೇಂಜರ್ಸ್ ಸೇರಿದರು.

ಆರಂಭ ಶುಭಕರವಾಗಿರಲಿಲ್ಲ. ಆಗಸ್ಟ್‌ನಲ್ಲಿ ವೆಂಬ್ಲಿಯಲ್ಲಿ ನಡೆದ ಚಾರಿಟಿ ಶೀಲ್ಡ್ ಪಂದ್ಯದಲ್ಲಿ ಆರ್ಸೆನಲ್ 3-0ರಿಂದ ಯುನೈಟೆಡ್‌ಗೆ ಸೋಲುಣಿಸಿತು. ಆರ್ಸೆನಲ್‌ನ ಯುವ ಆಟಗಾರ ನಿಕೊಲಾ ಅನೆಲ್ಕಾ ಅವರ ವೇಗ ಹೊಸಬರಾದ ಸ್ಟಾಮ್ ಅವರನ್ನು ಕಾಡಿತು. ಇಷ್ಟು ಹಣ ಕೊಟ್ಟು ತಂದದ್ದು ಇವರನ್ನೇ ಎಂಬ ಪ್ರಶ್ನೆ ಎದ್ದಿತು.

ಉತ್ತರ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1998ರ ಡಿಸೆಂಬರ್ 19ರಂದು ಮಿಡಲ್ಸ್‌ಬರೊ ತಂಡಕ್ಕೆ 2-3ರಿಂದ ಸೋತ ಯುನೈಟೆಡ್, ಅಲ್ಲಿಂದ ಋತುವಿನ ಕೊನೆಯವರೆಗೆ ಎಲ್ಲ ಕೂಟಗಳೂ ಸೇರಿ 33 ಪಂದ್ಯಗಳಲ್ಲಿ ಒಮ್ಮೆಯೂ ಸೋಲಲಿಲ್ಲ. ಲೀಗ್ ಪ್ರಶಸ್ತಿ ಬಂತು, ಎಫ್‌ಎ ಕಪ್ ಬಂತು. 1999ರ ಮೇ 26ರಂದು ಬಾರ್ಸಿಲೋನಾದ ಕ್ಯಾಂಪ್ ನೌ ಕ್ರೀಡಾಂಗಣದಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಎದುರಾಳಿ ಜರ್ಮನಿಯ ಬಯರ್ನ್ ಮ್ಯೂನಿಕ್. ನಾಯಕ ರಾಯ್ ಕೀನ್ ಹಾಗೂ ಪಾಲ್ ಸ್ಕೋಲ್ಸ್ ಅಮಾನತಿನಿಂದಾಗಿ ಹೊರಗುಳಿದಿದ್ದರು. ಆರನೇ ನಿಮಿಷದಲ್ಲೇ ಬಯರ್ನ್ ಮುನ್ನಡೆ ಗಳಿಸಿತು. ಸ್ಟಾಮ್ ಮತ್ತು ನಾರ್ವೆಯ ರೋನಿ ಯೋನ್ಸನ್ ಹಿಂಬದಿಯನ್ನು ಕಾಯುತ್ತಿದ್ದ ಯುನೈಟೆಡ್ ಎರಡನೇ ಗೋಲು ಬಿಟ್ಟುಕೊಡಲಿಲ್ಲ; ಬಯರ್ನ್‌ನ ಎರಡು ಹೊಡೆತಗಳು ಗೋಲುಕಂಬಕ್ಕೆ ಬಡಿದು ವಾಪಸಾದವು. ನಿಗದಿತ 90 ನಿಮಿಷ ಮುಗಿದ ಮೇಲೆ ಟೆಡ್ಡಿ ಶೆರಿಂಗ್‌ಹ್ಯಾಮ್ ಹಾಗೂ ಓಲೆ ಗುನ್ನಾರ್ ಸೋಲ್ಶೇರ್ ಒಬ್ಬರ ಹಿಂದೊಬ್ಬರು ಗೋಲು ಗಳಿಸಿ ಪಂದ್ಯವನ್ನು 2-1ಕ್ಕೆ ತಿರುಗಿಸಿದರು.

ಒಂದೇ ಋತುವಿನಲ್ಲಿ ಈ ಮೂರೂ ಪ್ರಶಸ್ತಿಗಳನ್ನು ಅದಕ್ಕೆ ಮುನ್ನ ಇಂಗ್ಲೆಂಡಿನ ಯಾವ ಕ್ಲಬ್ಬೂ ಗೆದ್ದಿರಲಿಲ್ಲ. ಎರಡನೇ ಬಾರಿ ಆ ಸಾಧನೆ ನಡೆದದ್ದು 2023ರಲ್ಲಿ, ಅದೇ ಊರಿನ ಮ್ಯಾಂಚೆಸ್ಟರ್ ಸಿಟಿಯಿಂದ.

1999 ಹಾಗೂ 2000ದಲ್ಲಿ ಯುರೋಪಿನ ಕ್ಲಬ್ ಫುಟ್‌ಬಾಲ್‌ನ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ ಸ್ಟಾಮ್ ಅವರಿಗೆ ಸಂದಿತು. ಇಂಗ್ಲೆಂಡಿನ ವೃತ್ತಿಪರ ಆಟಗಾರರ ಸಂಘ ಆರಿಸುವ ವರ್ಷದ ತಂಡದಲ್ಲಿ ಮೂರು ವರ್ಷವೂ ಅವರ ಹೆಸರಿತ್ತು. ಎಲ್ಲ ಕೂಟಗಳೂ ಸೇರಿ ಯುನೈಟೆಡ್ ಪರ 127 ಪಂದ್ಯವಾಡಿದ ಅವರು ಗಳಿಸಿದ್ದು ಒಂದೇ ಗೋಲು, 1999ರ ಜನವರಿಯಲ್ಲಿ ಲೀಸ್ಟರ್ ಸಿಟಿ ವಿರುದ್ಧ. ಮೈದಾನದಲ್ಲಿ ಅವರ ಕೋಪವೂ ಪ್ರಸಿದ್ಧವೇ. 2000ದ ಜನವರಿಯಲ್ಲಿ ಮಿಡಲ್ಸ್‌ಬರೊ ವಿರುದ್ಧದ ಪಂದ್ಯದಲ್ಲಿ ಅವರ ತಪ್ಪಿಗೆ ರೆಫರಿ ಆಂಡಿ ಡಿ'ಉರ್ಸೊ ಪೆನಾಲ್ಟಿ ನೀಡಿದಾಗ, ಕೀನ್, ಸ್ಟಾಮ್ ಮತ್ತಿತರರು ರೆಫರಿಯನ್ನು ಸುತ್ತುವರಿದು ಕೂಗಾಡುತ್ತಿರುವ ಚಿತ್ರ ಅಂದಿನ ಯುನೈಟೆಡ್‌ನ ದರ್ಪಕ್ಕೆ ಸಾಕ್ಷಿಯಾಗಿ ಉಳಿಯಿತು.

ಕಿತ್ತಳೆ ಅಂಗಿಯ ಕೊರಗು

ಕ್ಲಬ್ ಫುಟ್‌ಬಾಲ್‌ನಲ್ಲಿ ಕೈಹಿಡಿದ ಅದೃಷ್ಟ ರಾಷ್ಟ್ರೀಯ ತಂಡದಲ್ಲಿ ಸ್ಟಾಮ್ ಅವರಿಗೆ ಒಲಿಯಲಿಲ್ಲ. 1996ರ ಏಪ್ರಿಲ್‌ನಲ್ಲಿ ಜರ್ಮನಿ ವಿರುದ್ಧ ಮೊದಲ ಬಾರಿ ಕಿತ್ತಳೆ ಅಂಗಿ ತೊಟ್ಟ ಅವರು 2004ರವರೆಗೆ 67 ಪಂದ್ಯಗಳನ್ನಾಡಿದರು. ಆ ಎಂಟು ವರ್ಷಗಳಲ್ಲಿ ಹಾಲೆಂಡ್ ಮೂರು ದೊಡ್ಡ ಕೂಟಗಳ ಸೆಮಿಫೈನಲ್ ತಲುಪಿ ಮೂರರಲ್ಲೂ ಮುಗ್ಗರಿಸಿತು.

1998ರ ವಿಶ್ವಕಪ್‌ನಲ್ಲಿ ಗೂಸ್ ಹಿಡಿಂಕ್ ತರಬೇತಿಯ ತಂಡ ಕ್ವಾರ್ಟರ್‌ಫೈನಲ್‌ನಲ್ಲಿ ಅರ್ಜೆಂಟೀನಾವನ್ನು ಕೆಡವಿತು. ಮಾರ್ಸೇಲ್‌ನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ಜತೆ 1-1ರಿಂದ ಸಮ ಮಾಡಿಕೊಂಡು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಮೂರನೇ ಸ್ಥಾನದ ಪಂದ್ಯವನ್ನೂ ಕ್ರೊಯೇಷಿಯಾ ಗೆದ್ದುಕೊಂಡಿತು.

2000ದ ಯುರೋ ಕಪ್ ಇನ್ನೂ ನೋವಿನದು. ಬೆಲ್ಜಿಯಂ ಜತೆಗೂಡಿ ಕೂಟ ನಡೆಸಿದ ಹಾಲೆಂಡ್ ಕ್ವಾರ್ಟರ್‌ಫೈನಲ್‌ನಲ್ಲಿ ಯುಗೊಸ್ಲಾವಿಯಾವನ್ನು 6-1ರಿಂದ ಸೋಲಿಸಿತ್ತು. ಜೂನ್ 29ರಂದು ಆಮ್‌ಸ್ಟರ್‌ಡ್ಯಾಂನಲ್ಲಿ ಇಟಲಿ ವಿರುದ್ಧ ಸೆಮಿಫೈನಲ್. ಇಟಲಿಯ ಜಂಬ್ರೊಟಾ ಮೊದಲಾರ್ಧದಲ್ಲೇ ಹೊರನಡೆದಿದ್ದರಿಂದ ಆ ತಂಡ ಹತ್ತು ಮಂದಿಯೊಡನೆ ಆಡಬೇಕಾಯಿತು. ಹಾಲೆಂಡ್‌ಗೆ ಪಂದ್ಯದ ನಡುವೆ ಎರಡು ಪೆನಾಲ್ಟಿಗಳು ದೊರೆತವು. ಡಿ ಬೋಯರ್ ಹೊಡೆದ ಚೆಂಡನ್ನು ಗೋಲ್‌ಕೀಪರ್ ಟೋಲ್ಡೊ ತಡೆದರೆ, ಪ್ಯಾಟ್ರಿಕ್ ಕ್ಲೈವರ್ಟ್ ಹೊಡೆತ ಕಂಬಕ್ಕೆ ಬಡಿಯಿತು. ಗೋಲಿಲ್ಲದೆ ಪಂದ್ಯ ಶೂಟೌಟ್‌ಗೆ ಹೋಯಿತು. ಅಲ್ಲಿಯೂ ಡಿ ಬೋಯರ್ ವಿಫಲರಾದರು. ಅವರ ನಂತರ ಬಂದ ಸ್ಟಾಮ್ ಬಲವಾಗಿ ಒದ್ದ ಚೆಂಡು ಅಡ್ಡಪಟ್ಟಿಯ ಮೇಲಿಂದ ಪ್ರೇಕ್ಷಕರತ್ತ ಹಾರಿತು. ಇಟಲಿ 3-1ರಿಂದ ಗೆದ್ದಿತು. ಎರಡು ಗಂಟೆಗಳ ಆಟದಲ್ಲಿ ಎದುರಾಳಿಗೆ ಒಂದೂ ಗೋಲು ಬಿಟ್ಟುಕೊಡದ ರಕ್ಷಣಾ ಪಡೆಯವರಲ್ಲಿ ಜನರ ನೆನಪಿನಲ್ಲಿ ಉಳಿದದ್ದು ತಪ್ಪಿಹೋದ ಆ ಒದೆತಗಳು ಮಾತ್ರ.

2002ರ ವಿಶ್ವಕಪ್‌ಗೆ ಹಾಲೆಂಡ್ ಅರ್ಹತೆಯನ್ನೇ ಪಡೆಯಲಿಲ್ಲ. 2004ರ ಯುರೋ ಸೆಮಿಫೈನಲ್‌ನಲ್ಲಿ ಆತಿಥೇಯ ಪೋರ್ಚುಗಲ್ 2-1ರಿಂದ ಗೆದ್ದ ಬಳಿಕ ಸ್ಟಾಮ್ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದರು.

ಒಂದು ಪುಸ್ತಕ, ಒಂದು ಮಾರಾಟ

2001ರ ಆಗಸ್ಟ್‌ನಲ್ಲಿ ಸ್ಟಾಮ್ ಅವರ ಆತ್ಮಕಥೆ 'ಹೆಡ್ ಟು ಹೆಡ್' ಪ್ರಕಟವಾಯಿತು. ಅದರ ಆಯ್ದ ಭಾಗಗಳು ಬ್ರಿಟನ್ನಿನ 'ಡೈಲಿ ಮಿರರ್' ಪತ್ರಿಕೆಯಲ್ಲಿ ಮೊದಲೇ ಅಚ್ಚಾದವು. ಪಿಎಸ್‌ವಿ ಕ್ಲಬ್‌ನ ಅನುಮತಿ ಇಲ್ಲದೆಯೇ 1998ರಲ್ಲಿ ಫರ್ಗ್ಯುಸನ್ ತಮ್ಮನ್ನು ಸಂಪರ್ಕಿಸಿದ್ದರು ಎಂದು ಪುಸ್ತಕದಲ್ಲಿತ್ತು. ಪೆನಾಲ್ಟಿ ಆವರಣದಲ್ಲಿ ಎದುರಾಳಿ ತಾಕಿದಾಗ ನೆಲಕ್ಕೆ ಬೀಳುವಂತೆ ಆಟಗಾರರಿಗೆ ಸೂಚನೆಯಿತ್ತು ಎಂಬ ಅರ್ಥದ ಮಾತುಗಳಿದ್ದವು. ನೆವಿಲ್ ಸೋದರರೂ ಸೇರಿದಂತೆ ಸಹ ಆಟಗಾರರ ಬಗ್ಗೆ ಲಘುವಾದ ಟೀಕೆಗಳಿದ್ದವು. ಡ್ರೆಸ್ಸಿಂಗ್ ರೂಮಿನ ಮಾತು ಹೊರಗೆ ಹೋಗಬಾರದೆಂಬುದನ್ನು ಕಟ್ಟುನಿಟ್ಟಿನ ನಿಯಮವಾಗಿ ಪಾಲಿಸುತ್ತಿದ್ದ ಫರ್ಗ್ಯುಸನ್ ಅವರಿಗೆ ಇದು ಹಿಡಿಸಲಿಲ್ಲ ಎಂಬುದು ಅಂದಿನ ಎಲ್ಲ ವರದಿಗಳ ಸಾರ.

ಆಗಸ್ಟ್ 19ರಂದು ಫುಲ್‌ಹ್ಯಾಮ್ ವಿರುದ್ಧ ಯುನೈಟೆಡ್ 3-2ರಿಂದ ಗೆದ್ದ ಪಂದ್ಯದಲ್ಲಿ ಸ್ಟಾಮ್ ಆಡಿದರು. ಮುಂದಿನ ಪಂದ್ಯಕ್ಕೆ ಅವರ ಹೆಸರಿರಲಿಲ್ಲ. ತಿಂಗಳು ಮುಗಿಯುವ ಮುನ್ನವೇ ರೋಮ್ ನಗರದ ಲಾಜಿಯೊ ಕ್ಲಬ್ ಜತೆ ಒಪ್ಪಂದವಾಯಿತು. ಬೆಲೆ ಸುಮಾರು ಒಂದು ಕೋಟಿ 60 ಲಕ್ಷ ಪೌಂಡ್. ಫರ್ಗ್ಯುಸನ್ ತಮಗೆ ದೂರವಾಣಿ ಮಾಡಿ, ದಾರಿಯಲ್ಲಿನ ಪೆಟ್ರೋಲ್ ಬಂಕ್ ಒಂದರ ಬಳಿ ಭೇಟಿಯಾಗಿ, ಕಾರಿನಲ್ಲಿ ಕುಳಿತೇ ಮಾರಾಟದ ಸುದ್ದಿ ತಿಳಿಸಿದರೆಂದು ಸ್ಟಾಮ್ ನಂತರದ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ತೆರವಾದ ಜಾಗಕ್ಕೆ ಬಂದವರು 35 ವರ್ಷದ ಫ್ರೆಂಚ್ ಆಟಗಾರ ಲಾರೆಂಟ್ ಬ್ಲಾಂಕ್. 1998ರಲ್ಲಿ ವಿಶ್ವಕಪ್ ಗೆದ್ದ ಫ್ರಾನ್ಸ್ ತಂಡದ ಸದಸ್ಯ, ಬುದ್ಧಿವಂತ ಆಟಗಾರ. ಆದರೆ ಕಾಲುಗಳಲ್ಲಿ ಹಿಂದಿನ ವೇಗ ಇರಲಿಲ್ಲ.

ಮಾರಾಟಕ್ಕೆ ಪುಸ್ತಕವೇ ಕಾರಣವೆಂದು ಜಗತ್ತು ನಂಬಿತು. ಫರ್ಗ್ಯುಸನ್ ಮಾತ್ರ ಅದನ್ನು ಒಪ್ಪಲಿಲ್ಲ. ಅವರು ಮುಂದಿಟ್ಟ ಕಾರಣ ಬೇರೆ. 2000-01ರಲ್ಲಿ ಸ್ಟಾಮ್ ಹಿಮ್ಮಡಿಯ ಸ್ನಾಯುರಜ್ಜಿನ ಗಾಯಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ವೇಗವನ್ನೇ ನಂಬಿದ ಆಟಗಾರನಿಗೆ ಈ ಗಾಯ ಅತ್ಯಂತ ಅಪಾಯಕಾರಿ. ಮರಳಿ ಬಂದವರಲ್ಲಿ ಹಳೆಯ ಚುರುಕು ಸ್ವಲ್ಪ ಕುಂದಿದೆಯೆಂದು ಮ್ಯಾನೇಜರ್‌ಗೆ ಅನಿಸಿತ್ತು. ಅಂಥ ಹೊತ್ತಿನಲ್ಲಿ 29 ವರ್ಷದ ರಕ್ಷಣಾ ಆಟಗಾರನಿಗೆ, ಮೂರು ವರ್ಷ ಹಿಂದೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಕೊಡುತ್ತೇವೆಂದು ಬಂದವರನ್ನು ಹಿಂದಕ್ಕೆ ಕಳಿಸುವುದು ಕಷ್ಟವಾಗಿತ್ತು. ಅದೇ ಬೇಸಿಗೆಯಲ್ಲಿ ಯುನೈಟೆಡ್ ಲಾಜಿಯೊದಿಂದಲೇ ಹ್ವಾನ್ ಸೆಬಾಸ್ಟಿಯನ್ ವೆರಾನ್ ಅವರನ್ನು ಎರಡು ಕೋಟಿ 81 ಲಕ್ಷ ಪೌಂಡ್‌ಗೆ, ಪಿಎಸ್‌ವಿಯಿಂದ ರೂಡ್ ವಾನ್ ನಿಸ್ಟಲ್‌ರಾಯ್ ಅವರನ್ನು ಒಂದು ಕೋಟಿ 90 ಲಕ್ಷ ಪೌಂಡ್‌ಗೆ ಖರೀದಿಸಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಲೆಕ್ಕ ಏನು ಹೇಳುತ್ತದೆ?

ಸ್ಟಾಮ್ ಹೋದ ಮೇಲೆ ಯುನೈಟೆಡ್ ಮುಗ್ಗರಿಸಿತು. ಡಿಸೆಂಬರ್ ಮೊದಲ ವಾರ ಮುಗಿಯುವಷ್ಟರಲ್ಲಿ ಲೀಗ್‌ನಲ್ಲಿ ಆರು ಸೋಲುಗಳು. ಬೋಲ್ಟನ್, ಲಿವರ್‌ಪೂಲ್, ಆರ್ಸೆನಲ್, ನ್ಯೂಕ್ಯಾಸಲ್, ಚೆಲ್ಸಿ ತಂಡಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಇದೇ ಕ್ರಮದಲ್ಲಿ ಜೋಡಿಸಿದರೆ ಬ್ಲಾಂಕ್ ಅವರ ಹೆಸರೇ ಆಗುತ್ತದೆಂದು ಪತ್ರಿಕೆಗಳು ಕುಚೋದ್ಯ ಮಾಡಿದವು. ಋತುವಿನ ಕೊನೆಗೆ ತಂಡ ಮೂರನೇ ಸ್ಥಾನಕ್ಕೆ ಇಳಿಯಿತು. ಹಿಂದಿನ ವರ್ಷ 31 ಗೋಲು ಬಿಟ್ಟುಕೊಟ್ಟಿದ್ದ ತಂಡ ಈ ಬಾರಿ 45 ಗೋಲು ಬಿಟ್ಟುಕೊಟ್ಟಿತ್ತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಪೂರ್ಣ ಸತ್ಯವಲ್ಲ. 31 ಗೋಲು ಬಿಟ್ಟುಕೊಟ್ಟ 2000-01ರ ಋತುವಿನಲ್ಲಿ ಗಾಯಾಳು ಸ್ಟಾಮ್ ಆಡಿದ್ದು 38ರಲ್ಲಿ 15 ಲೀಗ್ ಪಂದ್ಯಗಳನ್ನು ಮಾತ್ರ. ಅದಕ್ಕೂ ಹಿಂದಿನ ವರ್ಷ ಅವರು 33 ಪಂದ್ಯ ಆಡಿದ್ದರೂ ತಂಡ 45 ಗೋಲು ಬಿಟ್ಟುಕೊಟ್ಟಿತ್ತು, ಆದರೂ ಚಾಂಪಿಯನ್ ಆಗಿತ್ತು. ಸ್ಟಾಮ್ ಇಲ್ಲದೆಯೂ ನಿಭಾಯಿಸಬಹುದೆಂದು ಫರ್ಗ್ಯುಸನ್ ಭಾವಿಸಲು ಈ ಅಂಕಿಗಳೇ ಧೈರ್ಯ ಕೊಟ್ಟಿರಲೂಬಹುದು. ಹನ್ನೊಂದು ಜನರ ಆಟದಲ್ಲಿ ಗೋಲುಗಳ ಲೆಕ್ಕವನ್ನು ಒಬ್ಬನ ಖಾತೆಗೆ ಬರೆಯಲಾಗದು.

ಆದರೆ ಮಾರುಕಟ್ಟೆಯ ಲೆಕ್ಕ ಹೆಚ್ಚು ಸ್ಪಷ್ಟ. 2002ರ ಬೇಸಿಗೆಯಲ್ಲಿ ಲೀಡ್ಸ್ ಯುನೈಟೆಡ್‌ನ ರಿಯೊ ಫರ್ಡಿನೆಂಡ್ ಅವರನ್ನು ತರಲು ಮ್ಯಾಂಚೆಸ್ಟರ್ ಯುನೈಟೆಡ್ ಸುಮಾರು ಮೂರು ಕೋಟಿ ಪೌಂಡ್ ತೆರಬೇಕಾಯಿತು. ಸ್ಟಾಮ್ ಮಾರಾಟದಿಂದ ಬಂದ ಹಣದ ಹೆಚ್ಚುಕಡಿಮೆ ಎರಡರಷ್ಟು ಮೊತ್ತವಿದು. ಫರ್ಡಿನೆಂಡ್ ಬಂದ ಮೊದಲ ವರ್ಷವೇ ಯುನೈಟೆಡ್ ಮತ್ತೆ ಲೀಗ್ ಗೆದ್ದಿತು.

ಇಟಲಿಯ ಐದು ವರ್ಷ

ಲಾಜಿಯೊದಲ್ಲಿ ಸ್ಟಾಮ್ ಅವರ ಆರಂಭ ದುಃಸ್ವಪ್ನದಂತಿತ್ತು. 2001ರ ಅಕ್ಟೋಬರ್‌ನಲ್ಲಿ ಅಟಲಾಂಟಾ ವಿರುದ್ಧದ ಪಂದ್ಯದ ಬಳಿಕ ನಡೆದ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ನ್ಯಾಂಡ್ರೊಲೋನ್ ಅಂಶ ಪತ್ತೆಯಾಯಿತು. ತಾವು ಯಾವುದೇ ನಿಷೇಧಿತ ಮದ್ದು ಸೇವಿಸಿಲ್ಲವೆಂದು ಸ್ಟಾಮ್ ನಿರಾಕರಿಸಿದರು. ಐದು ತಿಂಗಳ ನಿಷೇಧ ವಿಧಿಸಲಾಯಿತು. ಮೇಲ್ಮನವಿಯ ನಂತರ ಅದು ನಾಲ್ಕು ತಿಂಗಳಿಗೆ ಇಳಿಯಿತು. ಅದೇ ವರ್ಷ ಅವರ ಡಚ್ ಸಹ ಆಟಗಾರರಾದ ಎಡ್ಗರ್ ಡೇವಿಡ್ಸ್ ಹಾಗೂ ಫ್ರಾಂಕ್ ಡಿ ಬೋಯರ್ ಕೂಡ ಇದೇ ಮದ್ದಿನ ವಿವಾದದಲ್ಲಿ ಸಿಲುಕಿದ್ದರು.

ಕ್ಲಬ್‌ನ ಸ್ಥಿತಿಯೂ ನೆಟ್ಟಗಿರಲಿಲ್ಲ. 2000ದಲ್ಲಿ ಇಟಲಿಯ ಚಾಂಪಿಯನ್ ಆಗಿದ್ದ ಲಾಜಿಯೊ, ಮಾಲೀಕ ಸೆರ್ಜಿಯೊ ಕ್ರಾನ್ಯೊಟಿ ಅವರ ಆಹಾರ ಉದ್ಯಮ ಚಿರಿಯೊ ಕುಸಿದಾಗ ಸಾಲದಲ್ಲಿ ಮುಳುಗಿತು. ಸ್ಟಾಮ್ ಖರೀದಿಯ ಬಾಕಿ ಹಣವೂ ಯುನೈಟೆಡ್‌ಗೆ ಸಕಾಲಕ್ಕೆ ಸಂದಾಯವಾಗಲಿಲ್ಲ. ನಾಯಕ ಅಲೆಸ್ಸಾಂದ್ರೊ ನೆಸ್ತಾ ಅವರನ್ನೇ 2002ರಲ್ಲಿ ಮಿಲಾನ್‌ಗೆ ಮಾರಬೇಕಾಯಿತು. ಇಂಥ ದಿನಗಳಲ್ಲಿ ಸ್ಟಾಮ್ ಉಳಿದುಕೊಂಡು ಆಡಿದರು. ರಾಬರ್ಟೊ ಮಾಂಚಿನಿ ತರಬೇತಿಯಲ್ಲಿ ತಂಡ 2004ರ ಇಟಾಲಿಯನ್ ಕಪ್ ಫೈನಲ್‌ನಲ್ಲಿ ಯುವೆಂಟಸ್ ತಂಡವನ್ನು ಮಣಿಸಿತು.

2004ರಲ್ಲಿ ಎಸಿ ಮಿಲಾನ್ ಸೇರಿದಾಗ ಸ್ಟಾಮ್ ಅವರಿಗೆ 32 ವರ್ಷ. ಕಫು, ನೆಸ್ತಾ, ಪಾವೊಲೊ ಮಾಲ್ದಿನಿ ಅವರಿದ್ದ ರಕ್ಷಣಾ ಸಾಲು ಆಗ ಜಗತ್ತಿನಲ್ಲೇ ಅತ್ಯುತ್ತಮವೆನಿಸಿತ್ತು. ಸ್ಟಾಮ್ ಅದರಲ್ಲಿ ಒಬ್ಬರಾದರು. 2005ರ ಚಾಂಪಿಯನ್ಸ್ ಲೀಗ್‌ನಲ್ಲಿ ಮಿಲಾನ್ ಮಣಿಸಿದ ತಂಡಗಳಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಹಾಗೂ ಪಿಎಸ್‌ವಿ ಎರಡೂ ಇದ್ದವು. ಯುನೈಟೆಡ್‌ಗೆ ಎರಡೂ ಪಂದ್ಯಗಳಲ್ಲಿ ಒಂದು ಗೋಲನ್ನೂ ಗಳಿಸಲಾಗಲಿಲ್ಲ.

ಮೇ 25ರಂದು ಇಸ್ತಾಂಬುಲ್‌ನಲ್ಲಿ ಫೈನಲ್. ಲಿವರ್‌ಪೂಲ್ ವಿರುದ್ಧ ವಿರಾಮದ ವೇಳೆಗೆ ಮಿಲಾನ್ 3-0ಯಿಂದ ಮುಂದಿತ್ತು. ಎರಡನೇ ಅರ್ಧದಲ್ಲಿ ಆರೇಳು ನಿಮಿಷಗಳೊಳಗೆ ಲಿವರ್‌ಪೂಲ್ ಮೂರು ಗೋಲು ಗಳಿಸಿತು. ಶೂಟೌಟ್‌ನಲ್ಲಿ 3-2ರಿಂದ ಕಪ್ ಎತ್ತಿತು. 1999ರಲ್ಲಿ ಕೊನೆಯ ಕ್ಷಣಗಳ ಪವಾಡದಿಂದ ಯುರೋಪಿನ ಅತಿ ದೊಡ್ಡ ಕಪ್ ಗೆದ್ದಿದ್ದ ಸ್ಟಾಮ್, ಆರು ವರ್ಷಗಳ ನಂತರ ಅಂಥದೇ ಪವಾಡಕ್ಕೆ ಬಲಿಯಾದರು.

ಆಯಾಕ್ಸ್, ಅನಂತರ ವಿದಾಯ

2006ರಲ್ಲಿ ಸ್ಟಾಮ್ ಸ್ವದೇಶಕ್ಕೆ ಮರಳಿದರು. ಬಾಲ್ಯದಲ್ಲಿ ಬಾಗಿಲು ತೆರೆಯದ ಆಯಾಕ್ಸ್ ಈಗ ಅವರಿಗೆ ನಾಯಕತ್ವವನ್ನೇ ವಹಿಸಿತು. 2007ರಲ್ಲಿ ತಂಡ ಡಚ್ ಕಪ್ ಗೆದ್ದಿತು. ಲೀಗ್‌ನಲ್ಲಿ ಮಾತ್ರ ಆಯಾಕ್ಸ್ ಮತ್ತು ಪಿಎಸ್‌ವಿ ತಲಾ 75 ಅಂಕ ಗಳಿಸಿದವು; ಗೋಲುಗಳ ಅಂತರದಲ್ಲಿ ಒಂದೇ ಒಂದು ಗೋಲು ಹೆಚ್ಚಿದ್ದ ಪಿಎಸ್‌ವಿ ಚಾಂಪಿಯನ್ ಆಯಿತು. 2007ರ ಅಕ್ಟೋಬರ್ 29ರಂದು, ಋತುವಿನ ನಡುವೆಯೇ, 35 ವರ್ಷದ ಸ್ಟಾಮ್ ನಿವೃತ್ತಿ ಘೋಷಿಸಿದರು. ಹಿಮ್ಮಡಿಯ ಗಾಯದ ನಂತರ ಮುಗಿದುಹೋಯಿತೆಂದು ಊಹಿಸಿದ್ದ ಆಟ ಅದಾದ ಮೇಲೆಯೂ ಆರು ವರ್ಷ ನಡೆದಿತ್ತು.

ತಪ್ಪೊಪ್ಪಿಗೆಯ ಮಾತು ಬಂದದ್ದೂ ಅದೇ ವರ್ಷ. ಲಾಜಿಯೊ ಮುಂದಿಟ್ಟ ಮೊತ್ತವನ್ನು ನಿರಾಕರಿಸಲಾಗಲಿಲ್ಲ, ಆದರೆ ಆಟದ ದೃಷ್ಟಿಯಿಂದ ಸ್ಟಾಮ್ ಅವರನ್ನು ಬಿಟ್ಟುಕೊಟ್ಟದ್ದು ತಪ್ಪು ಎಂದು ಫರ್ಗ್ಯುಸನ್ ಬಹಿರಂಗವಾಗಿ ಹೇಳಿದರು. 2013ರಲ್ಲಿ ನಿವೃತ್ತರಾದ ಬಳಿಕ ಪ್ರಕಟಿಸಿದ ಆತ್ಮಕಥೆಯಲ್ಲೂ ಅದನ್ನು ಮರೆಮಾಚಲಿಲ್ಲ. ಇಬ್ಬರ ನಡುವಿನ ಹಳೆಯ ಮುನಿಸು ಸ್ಟಾಮ್ ನಿವೃತ್ತಿಯ ನಂತರ ಕರಗಿತು. ಅವರು ಕೆಲಕಾಲ ಯುನೈಟೆಡ್‌ಗಾಗಿಯೇ ಹೊಸ ಪ್ರತಿಭೆಗಳನ್ನು ಹುಡುಕುವ ಕೆಲಸ ಮಾಡಿದರು.

ತರಬೇತುದಾರನ ಕುರ್ಚಿ

ತರಬೇತುದಾರರಾಗಿ ಸ್ಟಾಮ್ ಕಂಡದ್ದು ಏರಿಳಿತಗಳ ಹಾದಿ. ಜ್ವೊಲ್ಲೆ ಹಾಗೂ ಆಯಾಕ್ಸ್‌ಗಳಲ್ಲಿ ಸಹಾಯಕರಾಗಿ ದುಡಿದು, ಆಯಾಕ್ಸ್‌ನ ಕಿರಿಯರ ತಂಡವನ್ನು ನೋಡಿಕೊಂಡ ಬಳಿಕ 2016ರಲ್ಲಿ ಅವರು ಇಂಗ್ಲೆಂಡಿನ ಎರಡನೇ ದರ್ಜೆಯ ರೆಡಿಂಗ್ ತಂಡದ ಹೊಣೆ ಹೊತ್ತರು. ಆಟಗಾರನಾಗಿ ಬಲವನ್ನೇ ನೆಚ್ಚಿದ್ದವರು ಅಲ್ಲಿ ಕಲಿಸಿದ್ದು ಹಿಂಬದಿಯಿಂದ ಸಣ್ಣ ಪಾಸುಗಳ ಮೂಲಕ ಆಟ ಕಟ್ಟುವ ಅಪ್ಪಟ ಡಚ್ ಪದ್ಧತಿಯನ್ನು. ಮೊದಲ ಋತುವಿನಲ್ಲೇ ತಂಡ ಮೂರನೇ ಸ್ಥಾನ ಗಳಿಸಿತು. 2017ರ ಮೇ 29ರಂದು ವೆಂಬ್ಲಿಯಲ್ಲಿ ನಡೆದ ಪ್ಲೇ-ಆಫ್ ಫೈನಲ್‌ನಲ್ಲಿ ಹಡರ್ಸ್‌ಫೀಲ್ಡ್ ಜತೆ ಗೋಲಿಲ್ಲದೆ ಸಮ ಮಾಡಿಕೊಂಡು ಶೂಟೌಟ್‌ನಲ್ಲಿ 4-3ರಿಂದ ಸೋತಿತು. ಆಟಗಾರನಾಗಿ ಕಾಡಿದ್ದ ಶೂಟೌಟ್ ತರಬೇತುದಾರನನ್ನೂ ಬಿಡಲಿಲ್ಲ. 2018ರ ಮಾರ್ಚ್‌ನಲ್ಲಿ ಅವರು ಆ ಹುದ್ದೆ ಕಳೆದುಕೊಂಡರು.

ಬಳಿಕ ಜ್ವೊಲ್ಲೆ ತಂಡವನ್ನು ಮೊದಲ ದರ್ಜೆಯಲ್ಲಿ ಉಳಿಸಿಕೊಟ್ಟರು. 2019ರ ಬೇಸಿಗೆಯಲ್ಲಿ ರಾಟರ್‌ಡ್ಯಾಂನ ಫೆಯನೂರ್ಡ್ ಸೇರಿದ ಅವರು, ಅಕ್ಟೋಬರ್‌ನಲ್ಲಿ ಬದ್ಧವೈರಿ ಆಯಾಕ್ಸ್ ಎದುರು 4-0ಯಿಂದ ಸೋತ ಮರುದಿನವೇ ರಾಜೀನಾಮೆ ನೀಡಿದರು. 2020ರಿಂದ 2021ರ ಸೆಪ್ಟೆಂಬರ್‌ವರೆಗೆ ಅಮೆರಿಕದ ಎಫ್‌ಸಿ ಸಿನ್ಸಿನಾಟಿ ತಂಡದಲ್ಲಿದ್ದರು. ಆ ತಂಡ ಪಟ್ಟಿಯ ತಳದಿಂದ ಮೇಲೇಳಲಿಲ್ಲ.

ಸ್ಟಾಮ್ ಅವರ ಸ್ಥಾನವನ್ನು ನಿರ್ಧರಿಸುವುದು ಈ ಕೊನೆಯ ಅಧ್ಯಾಯವಲ್ಲ. ಕಾಂಪೆನ್‌ನ ಹವ್ಯಾಸಿ ಮೈದಾನದಿಂದ ಹೊರಟು, ತಡವಾಗಿ ಬೆಳಕಿಗೆ ಬಂದು, ಯುರೋಪಿನ ನಾಲ್ಕು ದೊಡ್ಡ ಕ್ಲಬ್‌ಗಳ ಹಿಂಬದಿ ಕಾಯ್ದ ಆಟಗಾರ ಅವರು. ಓಲ್ಡ್ ಟ್ರಾಫರ್ಡ್‌ನ ಅಭಿಮಾನಿಗಳು ಇಂದಿಗೂ ಅವರ ಹೆಸರನ್ನು ನೆನೆಯುವುದು 1999ರ ಮೂರು ಕಪ್‌ಗಳಿಗಾಗಿ. ಜೊತೆಗೆ, ಅವರು ಇನ್ನೂ ಕೆಲವು ವರ್ಷ ಅಲ್ಲಿಯೇ ಇದ್ದಿದ್ದರೆ ಎಷ್ಟು ಕಪ್‌ಗಳು ಬರುತ್ತಿದ್ದವೋ ಎಂಬ ಹಳಹಳಿಕೆಯಿಂದ.

ಒಂದು ನೋಟ

ಹೆಸರು: ಯಾಪ್ ಸ್ಟಾಮ್
ಜನನ: 1972ರ ಜುಲೈ 17, ಕಾಂಪೆನ್, ಹಾಲೆಂಡ್
ಆಡಿದ ಸ್ಥಾನ: ಸೆಂಟರ್ ಬ್ಯಾಕ್
ಕ್ಲಬ್‌ಗಳು: ಜ್ವೊಲ್ಲೆ (1992-93), ಕಾಂಬೂರ್ (1993-95), ವಿಲೆಮ್ (1995-96), ಪಿಎಸ್‌ವಿ (1996-98), ಮ್ಯಾಂಚೆಸ್ಟರ್ ಯುನೈಟೆಡ್ (1998-2001), ಲಾಜಿಯೊ (2001-04), ಎಸಿ ಮಿಲಾನ್ (2004-06), ಆಯಾಕ್ಸ್ (2006-07)
ರಾಷ್ಟ್ರೀಯ ತಂಡ: 67 ಪಂದ್ಯ, 3 ಗೋಲು (1996-2004)
ಪ್ರಮುಖ ಪ್ರಶಸ್ತಿಗಳು: ಚಾಂಪಿಯನ್ಸ್ ಲೀಗ್ (1999), ಇಂಗ್ಲಿಷ್ ಪ್ರೀಮಿಯರ್ ಲೀಗ್ (1999, 2000, 2001), ಎಫ್‌ಎ ಕಪ್ (1999), ಡಚ್ ಲೀಗ್ (1997), ಇಟಾಲಿಯನ್ ಕಪ್ (2004), ಡಚ್ ಕಪ್ (1996, 2007)